ಲೈನ್ ಮನೆಗಳ ಎದುರು ಗ್ವಾಶ್

ಬಸವರಾಜೇಶ್ವರಿ ಗ್ವಾಶ್ ಎಂಬ ದಟ್ಟ ನೀರುಬಣ್ಣ ಹಿಡಿದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಶಿವಮೊಗ್ಗದ ಖಾಸಗಿ ಸರ್ವೆ ಆಫೀಸೊಂದರಲ್ಲಿ ಇಪ್ಪತ್ತು ವರ್ಷಗಳಿಂದ ನಕ್ಷೆ ಬರೆಯುವುದು ಅವರ ಕೆಲಸ. ಅವರಿದ್ದ ಗೋಪಾಳ ಬಡಾವಣೆಯಲ್ಲಿ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಶಂಕರನಾರಾಯಣ ಆರು ತಿಂಗಳಿಂದ ಪಾಠ ಹೇಳುತ್ತಿದ್ದರು.

"ಇದು ದಟ್ಟ ಬಣ್ಣ ನೋಡಮ್ಮಾ. ಕಡು ಬಣ್ಣ ಒಣಗಿದ್ಮೇಲೆ ಅದ್ರ ಮೇಲೇ ತಿಳಿ ಬಣ್ಣ ಕೂರ್ಸಬಹುದು. ಫೋಟೋ ನೋಡಿ ಬರ್ದಿದ್ದು ಸಾಕು, ಹೊರಗೆ ಹೋಗು."

ಆ ಭಾನುವಾರ ಬಸವರಾಜೇಶ್ವರಿ ಒಬ್ಬರೇ ಭದ್ರಾವತಿ ಬಸ್ಸು ಹತ್ತಿದರು. ಹಿಂದಿನ ತಿಂಗಳು ಆಫೀಸಿನವರ ಜೊತೆ ಅಳತೆಗೆ ಹೋದಾಗ ಕಂಡಿದ್ದ ಕಾರ್ಮಿಕರ ಹಳೆಯ ಲೈನ್ ಮನೆಗಳು ಕಣ್ಣಲ್ಲೇ ಉಳಿದಿದ್ದವು. ಎದುರಿನ ಹೊಂಗೆ ಮರದಡಿ ಕೂತು ಹಂಚಿನ ಮಾಡು, ನೀಲಿ ಸುಣ್ಣದ ಗೋಡೆ ಬರೆಯತೊಡಗಿದರು. ಬಿಸಿಲಿಗೆ ಬಣ್ಣ ತಟ್ಟೆಯಲ್ಲೇ ಒಣಗುತ್ತಿತ್ತು. ಜನ ಸೇರಿದ್ದು ಗೊತ್ತಾದದ್ದು ಕಾಗದದ ಮೇಲೆ ನೆರಳು ಬಿದ್ದಾಗಲೇ.

"ಏನ್ ಬರ್ಕೊಳ್ತಿದೀರ ಮೇಡಂ?" ಅಲ್ಲಿಯವನೇ ಆದ ಆಟೋ ಡ್ರೈವರ್ ಹರಿಪ್ರಸಾದ್ ಕೇಳಿದ.

"ಚಿತ್ರ ಕಲೀತಿದೀನಿ."

"ಹೋದ್ ತಿಂಗ್ಳು ಟೇಪ್ ಹಿಡ್ಕೊಂಡ್ ಬಂದೋರ್ ಜೊತೆ ನೀವೂ ಇದ್ರಿ. ನಮ್ ಮನೆ ಒಡ್ಯೋಕೆ ತಾನೆ ಅಳ್ದಿದ್ದು?"

ಯಾರದೋ ಕಾಲು ತಗುಲಿ ನೀರಿನ ಡಬ್ಬ ಉರುಳಿತು. ಇನ್ನೊಬ್ಬರು ಬಸವರಾಜೇಶ್ವರಿಯ ಬ್ಯಾಗ್ ಎತ್ತಿಕೊಂಡರು. ನಾನವಳಲ್ಲ ಎಂದುಬಿಡಬಹುದಿತ್ತು. ಬಸವರಾಜೇಶ್ವರಿ ತಲೆಯೆತ್ತಿ ಅವನನ್ನು ನೋಡಿದರು.

"ಹೌದು, ಬಂದಿದ್ದೆ. ನಕ್ಷೆ ಬರ್ದೋಳೂ ನಾನೇ. ಯಾತಕ್ಕೆ ಅಂತ ಕೇಳ್ಲಿಲ್ಲ."

"ಕೇಳ್ಲಿಲ್ವಂತೆ! ಹರಿದಾಕ್ರೋ ಅದನ್ನ!"

ಕೈಯೊಂದು ಕಾಗದಕ್ಕೆ ಬಂತು. ಅದನ್ನು ತಳ್ಳಿ ಮುಂದೆ ಬಂದವರು ಮೂರನೇ ಮನೆಯ ಅಜ್ಜಿ ದುರ್ಗಮ್ಮ. ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ನಮ್ಮನೆ. ಬಾಗ್ಲೆಲ್ಲಿ ತಾಯಿ?"

ಸೂರಿನ ಕೆಳಗೆ ಬಸವರಾಜೇಶ್ವರಿ ಬರೀ ಕಡುಗಂದು ಬಳಿದು ಬಿಟ್ಟಿದ್ದರು.

"ನಮ್ ಬಾಗ್ಲು ಹಳದಿ. ನಮ್ಮೆಜಮಾನ್ರು ತೀರ್ಹೋದ ವರ್ಷ ಹಚ್ಚಿದ್ದು. ಬರಿ."

ಕಡು ಬಣ್ಣದ ಮೇಲೆ ತಿಳಿ ಬಣ್ಣ ಅವರಿಗೆ ಒಮ್ಮೆಯೂ ಒಲಿದಿರಲಿಲ್ಲ. ಕುಂಚದಲ್ಲಿ ನೀರು ಹೆಚ್ಚಾಗಿ ಕೆಳಗಿನದು ಕದಡಿ ಕೆಸರಾಗುತ್ತಿತ್ತು. ಡಬ್ಬ ಉರುಳಿ ಈಗ ನೀರೇ ಇಲ್ಲ. ಟ್ಯೂಬಿನ ಹಳದಿಯನ್ನು ಇನ್ನೂ ತುಸು ಒದ್ದೆಯಿದ್ದ ಕುಂಚಕ್ಕೆ ತಾಗಿಸಿ, ಒಂದೇ ಸಲಕ್ಕೆ ಎಳೆದರು. ಹಳದಿ ಕೂತಿತು.

"ಹೂಂ," ಎಂದ ದುರ್ಗಮ್ಮ ಕಾಗದವನ್ನು ತಾವೇ ತೆಗೆದುಕೊಂಡರು. "ಇದು ಇಲ್ಲಿರ್ಲಿ."

ಹರಿಪ್ರಸಾದ್ ಬಸವರಾಜೇಶ್ವರಿಯ ಫೋಟೋ ಹೊಡೆದು ಫೋನ್ ನಂಬರ್ ಬರೆಸಿಕೊಂಡ. "ಅಳ್ದಿದ್ದು ಯಾತಕ್ಕೆ ಅಂತ ನಾಳೆ ವಿಚಾರ್ಸಿ ಹೇಳ್ಬೇಕು." ಆಮೇಲೆಯೇ ಬ್ಯಾಗ್ ಕೈಗೆ ಬಂತು.

ಸೋಮವಾರ ಕೇಳಿದಾಗ ಆಫೀಸಿನ ಮಾಲೀಕರು ಸಿಡುಕಿದರು: "ಚರಂಡಿ ಕೆಲ್ಸಕ್ಕಂತೆ. ನಿಮಗ್ಯಾಕೆ?"

ಅದನ್ನು ಫೋನಿನಲ್ಲಿ ಹೇಳಿದಾಗ ಹರಿಪ್ರಸಾದ್ ಒಪ್ಪಲಿಲ್ಲ. "ಬಾಯ್ಮಾತು ಬೇಡ. ಬರ್ದಿರೋದು ಇದ್ರೆ ಹೇಳಿ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ, ತಾವು ನಕ್ಷೆ ಬರೆದ ಕೆಲಸದ ಕಡತವನ್ನು ಮೊದಲ ಬಾರಿಗೆ ಸಾಲು ಸಾಲಾಗಿ ಓದಿದರು. ಚರಂಡಿ ಎಂದೇ ಇತ್ತು. ಒಡೆಯುವ ಮಾತು ಎಲ್ಲೂ ಇರಲಿಲ್ಲ. ಹರಿಪ್ರಸಾದ್‌ಗೆ ಮತ್ತೆ ಫೋನ್ ಮಾಡಿ ಅದರಲ್ಲಿದ್ದ ನಗರಸಭೆಯ ಕಡತದ ಸಂಖ್ಯೆ ಹೇಳಿ, ಅಲ್ಲಿ ಅರ್ಜಿ ಹಾಕಿ ನಕಲು ತೆಗೆದುಕೊಳ್ಳಿ ಎಂದರು.

ಮುಂದಿನ ಭಾನುವಾರ ಬಣ್ಣದ ಬ್ಯಾಗ್ ಹಿಡಿದು ಭದ್ರಾವತಿಯಲ್ಲಿ ಬಸ್ಸಿಳಿದಾಗ ಹರಿಪ್ರಸಾದ್ ಎದುರೇ ನಿಂತಿದ್ದ. ಮುಖ ಸಡಿಲಾಗಿರಲಿಲ್ಲ.

"ಅರ್ಜಿ ಹಾಕಿದೀವಿ. ನಕಲು ಕೈಗ್ ಬಂದ್ಮೇಲೆ ನಂಬ್ತೀವಿ," ಎಂದು ಆಟೋ ಸ್ಟಾರ್ಟ್ ಮಾಡಿದ. "ಹತ್ತಿ."