ಬೇವಿನ ಬುಡದಲ್ಲಿ ಇಲ್ಲದವನು

ಬೇವಿನ ಬುಡದಲ್ಲಿ ನಿನ್ನ ಗಂಡನಿಲ್ಲ, ನೀಲವ್ವಾ. ಎಂದೂ ಇರಲಿಲ್ಲ. ಅವನ ಎಲುಬುಗಳನ್ನು ಅಲ್ಲಿಗೆ ತಂದು ಮಣ್ಣು ಮಾಡಿದ್ದೇನೆಂದು ನಾನು ಹೇಳಿದ್ದು ಹಸಿ ಸುಳ್ಳು.

ಅಮರಗೋಳದಿಂದ ಉತ್ತರಕ್ಕೆ ಹೊಸ ರಸ್ತೆ ಹಾಕುವ ಮೊದಲು ನೆಲ ನೋಡಿಬರಲು ರಸ್ತೆ ಇಲಾಖೆಯವರು ನನ್ನನ್ನು ಕಳಿಸಿದ್ದರು. ಎಲ್ಲಿ ನೋಡಿದರೂ ಕಪ್ಪು ಎರೆಮಣ್ಣು — ಮಳೆಗಾಲದಲ್ಲಿ ಗಾಡಿಯನ್ನು ಅಚ್ಚಿನವರೆಗೆ ನುಂಗುವುದು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವುದು. ಅದರ ಮೇಲೆ ರಸ್ತೆ ನಿಲ್ಲಬೇಕಾದರೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಬೇಕು. ಹಗಲೆಲ್ಲ ಗುಂಡಿ ತೋಡಿಸಿ ಗರಸು ಹುಡುಕುತ್ತಿದ್ದೆ. ಸಂಜೆ ಆಳುಗಳು ಊರಿಗೆ ಹೋದರೆ ಡೇರೆಯ ಮುಂದೆ ನಾನೊಬ್ಬನೇ. ಧಾರವಾಡದ ಓಣಿಯ ಗದ್ದಲದಲ್ಲಿ ಬೆಳೆದವನಿಗೆ ಆ ಬಯಲು — ಥೂ, ಎದೆ ಒಡೆದುಹೋಗುತ್ತಿತ್ತು.

ಆಗ ಪಕ್ಕದ ಹೊಲದವಳಾದ ನೀನು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದೆ. "ಉಣ್ಣೋ ತಮ್ಮಾ, ಗಾಳಿ ಕುಡದು ಬದಕಾಕ ಆಗಂಗಿಲ್ಲ." ನಿನ್ನ ಹೊಲದ ಮೂಲೆಯ ದಿನ್ನೆಗೂ ಕರೆದೊಯ್ದೆ. ಅಲ್ಲೊಂದು ಗುರುತಿನ ಕಲ್ಲು. "ಎರಿ ಭೂಮ್ಯಾಗ ಮಣ್ಣು ಮಾಡಿದ್ರ ಬ್ಯಾಸಗ್ಯಾಗ ಕುಣಿ ಬಾಯಿ ಬಿಡತೈತಿ. ಅದಕ್ಕ ನಮ್ಮವರನ್ನ ಈ ಗರಸಿನಾಗ ಇಟ್ಟೇವಿ. ನನಗೂ ಇವರ ಮಗ್ಗಲದಾಗ ಜಾಗಾ ಐತಿ," ಎಂದೆ. ಆಮೇಲೆ ಕಲ್ಲಿನತ್ತ ತಿರುಗಿ ಗದರಿದೆ: "ನೀವು ಆರಾಮ ಮಲಗೀರಿ, ಹೊಲದಾಗಿನ ಕಸಾ ಕೀಳಾವ್ರು ಯಾರ್ರೀ?" ನಾನು ನಕ್ಕುಬಿಟ್ಟೆ. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ.

ಮಗಳ ಬಾಣಂತನಕ್ಕೆ ಹೊರಟಾಗ ನೀನು ಆ ಕಲ್ಲು ತೋರಿಸಿ ಹೇಳಿದ್ದು ಒಂದೇ ಮಾತು — "ಇವರ ಕಡೆ ಸ್ವಲ್ಪ ನೋಡ್ಕೋ, ತಮ್ಮಾ."

ನೀನು ಹೋದ ವಾರವೇ ನನ್ನ ಮೇಲಿನ ಸಾಹೇಬರು ಕುದುರೆ ಏರಿ ಬಂದರು. ಹತ್ತಿರದಲ್ಲಿ ಬೇರೆಲ್ಲೂ ಗರಸು ಸಿಕ್ಕಿರಲಿಲ್ಲ. ದಿನ್ನೆಯತ್ತ ಬೆರಳು ಮಾಡಿ "ಅಲ್ಲೇನೈತಿ?" ಎಂದರು. ಸಮಾಧಿ ಇದೆ ಎಂದಿದ್ದರೆ — ರಾಯಾಪುರದ ಕಡೆ ಮತ್ತೆ ಹುಡುಕಾಟ, ಮತ್ತೊಂದು ಬೇಸಿಗೆ, ಮತ್ತದೇ ಡೇರೆ.

"ಬರೀ ಗರಸ ಐತ್ರೀ, ಸಾಹೇಬ್ರ," ಎಂದೆ.

ಕಲ್ಲಿನ ಸುತ್ತಲ ಜಾಗ ಅಗೆಯದಂತೆ ಬಿಡಿಸಿದರಾಯಿತು ಎಂದುಕೊಂಡೆ. ಕೆಲಸದವರಿಗೆ ಅದನ್ನೂ ಹೇಳದೆ, ರಜೆ ಸಿಕ್ಕಿತೆಂದು ಧಾರವಾಡಕ್ಕೆ ಓಡಿದೆ. ತಿರುಗಿ ಬಂದಾಗ ದಿನ್ನೆಯೂ ಇಲ್ಲ, ಕಲ್ಲೂ ಇಲ್ಲ. ಗರಸೆಲ್ಲ ಗಾಡಿ ಏರಿ, ರಸ್ತೆಗೆ ಬಿದ್ದು, ಮೇಲೆ ರೋಲರ್ ಹಾಯ್ದು... ಅದರೊಳಗೆ ಏನೇನು ಬಂತೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ನೀನು ಬಂದು ಆ ತಗ್ಗಿನ ಅಂಚಿನಲ್ಲಿ ನಿಂತೆ. ಅಳಲಿಲ್ಲ, ಬಯ್ಯಲಿಲ್ಲ. "ಅವರನ್ನ ಎಲ್ಲಿ ಇಟ್ಟೀದಿ, ತಮ್ಮಾ?" ಇಟ್ಟೇ ಇರುತ್ತೇನೆಂಬ ನಂಬಿಕೆ ನಿನಗೆ! ನನ್ನ ಕೈ ತಾನಾಗಿ — ಇಲ್ಲ, ತಾನಾಗಿ ಅಲ್ಲ, ನಾನೇ ಕೈ ಎತ್ತಿ ಎರೆಹೊಲದ ಬೇವಿನ ಗಿಡ ತೋರಿಸಿದೆ. "ಅಲ್ಲಿ, ಯವ್ವಾ."

"ಅಲ್ಲಿ ಎರಿ ಐತಲ್ಲೋ... ಇರ್ಲಿ ಬಿಡು, ಗಿಡದ ಬೇರು ಹಿಡಕೋತೈತಿ," ಎಂದು ನನ್ನ ತಲೆ ಸವರಿದೆ.

ಆಮೇಲೆ ಪ್ರತಿ ಅಮಾವಾಸ್ಯೆ ನೀನು ಅಲ್ಲಿ ಎಡೆ ಇಟ್ಟೆ. ಬೇವಿಗೆ ಗದರಿದೆ. ನಿಜ ಹೇಳಬೇಕೆಂದು ಎಷ್ಟೋ ಸಲ ಬಂದು, ನಿನ್ನ ರೊಟ್ಟಿ ತಿಂದು ಹೋದವನು ನಾನು. ಹಾಗೆಯೇ ನನ್ನ ತಲೆಯೂ ನೆರೆಯಿತು.

ಹೋದ ತಿಂಗಳು ನೀನು ತೀರಿಕೊಂಡೆಯೆಂದು ನಿನ್ನ ಮಗಳು ಹೇಳಿಕಳಿಸಿದಳು. ಬಂದೆ. ಗುದ್ದಲಿ ಹಿಡಿದವರು ಕಾಯುತ್ತಿದ್ದರು. "ಅಪ್ಪನ ಮಗ್ಗಲಾ ಯಾವ ಕಡೆ ರೀ, ಕಾಕಾ?" ಎಂದು ಅವಳು ಕೇಳಿದಳು — ಜಾಗ ಬಲ್ಲವನು ನಾನೊಬ್ಬನೇ ಅಲ್ಲವೇ. ಮತ್ತೆ ಬೇವಿನ ಬುಡದತ್ತ ಬೆರಳು ಮಾಡಿ ತೋರಿಸಿದೆ.

ಅಲ್ಲಿ ನಿನ್ನ ಮಗ್ಗುಲಲ್ಲಿ ಯಾರೂ ಇಲ್ಲ, ನೀಲವ್ವಾ. ನೀನು ಬೇಡವೆಂದ ಎರೆಮಣ್ಣಿನಲ್ಲಿ ಒಬ್ಬಳೇ ಮಲಗಿದ್ದೀ. ಬೇಸಿಗೆ ಹತ್ತಿರ ಬಂತು. ಆ ನೆಲ ಬಿರಿಯುವ ಮೊದಲು ಹೋಗಿ ನಿನ್ನ ಮಗಳಿಗೆ ಎಲ್ಲ ಹೇಳುತ್ತೇನೆ.