ಆರ್ಡಿಸ್ ಲಾಫ್ಲಾಮ್ ಕೇಳಿ ಕೊಡಿಸಿದ ಅಪ್ಪಣೆ

ಆ ಮಂಗಳವಾರ ಬೆಳಿಗ್ಗೆ ಆರ್ಡಿಸ್ ಲಾಫ್ಲಾಮಳ ಕೈಗಳು ಒಂದೆಡೆ ನಿಲ್ಲಲೊಲ್ಲವು. ತೊಳೆದಿಟ್ಟ ಬಾಣಲೆಯನ್ನು ಮತ್ತೊಮ್ಮೆ ತೊಳೆದಳು. ಚೆನ್ನಾಗಿ ಉರಿಯುತ್ತಿದ್ದ ಒಲೆಯನ್ನು ಕೆದಕಿ ಕೆದಕಿ ಹೊಗೆ ಎಬ್ಬಿಸಿದಳು. ಕೋಟಿನ ಗುಂಡಿಗಳನ್ನು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

ಮಾರ್ಚ್ ತಿಂಗಳ ಮೊದಲ ಮಂಗಳವಾರವೆಂದರೆ ಕಾರ್ವರ್ಸ್ ಮಿಲ್ ಊರಿನ ವಾರ್ಷಿಕ ಸಭೆ. ವರ್ಮಾಂಟಿನ ಗುಡ್ಡಗಳ ನಡುವಿನ ಆ ಊರಿನಲ್ಲಿ, ರಸ್ತೆಗೆ ಮರಳು ಹಾಕಿಸುವ ಖರ್ಚಿನಿಂದ ಹಿಡಿದು ದೂರ ದೇಶದ ಯುದ್ಧದ ಸರಿ ತಪ್ಪಿನವರೆಗೆ, ಎಲ್ಲವನ್ನೂ ಊರವರೇ ಕೂಡಿ ವಾದಿಸಿ, "ಹೌದು" ಅಥವಾ "ಇಲ್ಲ" ಎಂದು ಕೂಗಿ ತೀರ್ಮಾನಿಸುತ್ತಾರೆ. ಆ ಕೂಗನ್ನು ಕಿವಿಯಿಂದಲೇ ಅಳೆದು, ಮರದ ಸುತ್ತಿಗೆ ಬಡಿದು ತೀರ್ಪು ಹೇಳುವುದು ಅಧ್ಯಕ್ಷರ ಕೆಲಸ. ಬಹುಕಾಲದಿಂದ ಆ ಸುತ್ತಿಗೆ ಆರ್ಡಿಸಳ ಕೈಯಲ್ಲಿತ್ತು. ಹುಡುಗಿಯಾಗಿದ್ದಾಗ ಶಾಲೆ ಬಿಟ್ಟು ಉಣ್ಣೆಯ ಗಿರಣಿ ಸೇರಿದವಳು, ತಲೆ ನರೆತ ಮೇಲೆ ಸಂಜೆಯ ತರಗತಿಗಳಲ್ಲಿ ಕುಳಿತು ಪರೀಕ್ಷೆ ಪಾಸುಮಾಡಿದ್ದಳು. ಸಭಾನಿಯಮಗಳ ದಪ್ಪ ಪುಸ್ತಕವನ್ನು ಬಾಯಿಪಾಠ ಮಾಡಿದ್ದಳು. "ಸುತ್ತಿಗೆ ಆರ್ಡಿಸ್ ಕೈಲಿದ್ರೆ ತಕ್ಕಡಿ ಯಾವ ಕಡೆಗೂ ವಾಲಲ್ಲ" ಎಂದು ಊರವರು ಹೇಳುತ್ತಿದ್ದರು. ಅವಳಿಗಿದ್ದ ಆಸ್ತಿಯೆಂದರೆ ಆ ಮಾತೊಂದೇ.

ಆದರೆ ಅಧ್ಯಕ್ಷರಿಗೆ ತಮ್ಮ ಅಭಿಪ್ರಾಯ ಹೇಳುವ ಹಕ್ಕಿಲ್ಲ. ಹೇಳಲೇಬೇಕೆಂದರೆ ಸುತ್ತಿಗೆಯನ್ನು ಬೇರೆಯವರಿಗೆ ಒಪ್ಪಿಸಿ, ಪೀಠದಿಂದ ಇಳಿದು, ಎಲ್ಲರಂತೆ ಬೆಂಚಿನಿಂದ ಎದ್ದು ನಿಂತು ಹೇಳಬೇಕು. ಆರ್ಡಿಸ್ ಒಮ್ಮೆಯೂ ಇಳಿದಿರಲಿಲ್ಲ. ಇಂದು ಇಳಿಯುವೆನೆಂದು ನಿಶ್ಚಯಿಸಿದ್ದಳು.

ಕಾರಣ ಮಾರ್ಗಟ್ ವೈಸ್ ತಂದಿದ್ದ ಠರಾವು. ಮಾರ್ಗಟ್ ಬಾಸ್ಟನ್ನಿನಲ್ಲಿ ಪ್ರಾಧ್ಯಾಪಕಿಯಾಗಿದ್ದು, ನಿವೃತ್ತಳಾಗಿ ಇಲ್ಲಿ ಮನೆ ಮಾಡಿದವಳು. ನಮ್ಮ ದೇಶದ ಹೆಸರು ಲೋಕದಲ್ಲಿ ಮಾಸಿದೆ, ಸರ್ಕಾರ ಅದನ್ನು ತೊಳೆಯಬೇಕು ಎಂಬುದು ಠರಾವಿನ ಸಾರ. ಕೊನೆಯ ಸಾಲು ಹೀಗಿತ್ತು: "ಯಾವ ದೇಶದಿಂದ ಬಂದವರೇ ಆಗಲಿ, ಈ ಊರು ಅವರನ್ನು ಸಮಾನರೆಂದು ಬರಮಾಡಿಕೊಂಡಿದೆಯೆಂದು ಲೋಕಕ್ಕೆ ಸಾರುತ್ತೇವೆ." ಆ ಸಾಲಿನ ಪರವಾಗಿ ಆರ್ಡಿಸ್ ಬಾಣಲೆ ತೊಳೆಯುತ್ತಲೇ ಭಾಷಣ ಕಟ್ಟಿದ್ದಳು. ಅವಳಪ್ಪ ಕೆನಡಾದ ಕ್ವೆಬೆಕ್‌ನಿಂದ ಗಡಿ ದಾಟಿ ಬಂದ ಗಿರಣಿಯಾಳು. ಇದೇ ಸಭಾಭವನದಲ್ಲಿ ಒಮ್ಮೆ ಬಾಯಿ ತೆರೆಯಲು ಹೋದಾಗ ಅವನನ್ನು ನಕ್ಕು ಕೂರಿಸಿದ್ದರು. ಅವನ ಮಗಳ ಕೈಯಲ್ಲಿ ಇಂದು ಸುತ್ತಿಗೆ! ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸಭಾಭವನದಲ್ಲಿ ಒದ್ದೆ ಉಣ್ಣೆಯ, ಕಾಫಿಯ, ಹಿಂದಿನ ಅಡುಗೆಮನೆಯಲ್ಲಿ ಬೇಯುತ್ತಿದ್ದ ಬೀನ್ಸಿನ ವಾಸನೆ ಬೆರೆತಿತ್ತು. ಬಾಗಿಲಲ್ಲಿ ಊರ ಗುಮಾಸ್ತೆ ನೊರೀನ್ ಟಟ್ಲ್ ಮತದಾರರಿಗೆ ಹಳದಿ ಚೀಟಿಗಳನ್ನು ಕೊಡುತ್ತಿದ್ದಳು. ಚೀಟಿ ಇಲ್ಲದವರಿಗೆ ಗೋಡೆಯ ಬದಿಯ ಕುರ್ಚಿಗಳು. ಮಾತನಾಡುವವರು ಮೊದಲು ತಮ್ಮ ಹೆಸರನ್ನೂ ವಾಸದ ರಸ್ತೆಯನ್ನೂ ಹೇಳಬೇಕು. ಹುಟ್ಟಿದಾರಭ್ಯ ಎಲ್ಲರೂ ಬಲ್ಲ ಮುದುಕನಾದರೂ ಸರಿ, ಆರ್ಡಿಸ್ ಬಿಡುತ್ತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮುಂಚೆ ಮಾರ್ಗಟಳ ಠರಾವು ಬಂತು.

"ಮಾರ್ಗಟ್ ವೈಸ್, ಚರ್ಚ್ ರಸ್ತೆ. ಅಧ್ಯಕ್ಷರೇ, ಹೋದ ಬೇಸಿಗೇಲಿ ಲಿಸ್ಬನ್‌ಗೆ ಹೋಗಿದ್ದೆ. ಟ್ಯಾಕ್ಸಿಯವನು ಯಾವ ದೇಶ ಅಂತ ಕೇಳ್ದ. ನಾಚಿಕೆಯಾಗಿ ಕೆನಡಾ ಅಂದ್ಬಿಟ್ಟೆ. ಇಲ್ಲಿಗೆ ಬಂತು ನಮ್ಮ ಮರ್ಯಾದೆ."

"ಹಾಯ್ಟ್ ಕಿಂಬಾಲ್, ಬೆಟ್ಟದ ರಸ್ತೆ." ಹಸುಗಳನ್ನು ಸಾಕಿಯೇ ಮುದುಕನಾಗಿದ್ದ ಹಾಯ್ಟ್ ಬೆಂಚು ಹಿಡಿದು ಎದ್ದ. "ಕೆನಡಾದೋರನ್ನ ಒಂದು ಮಾತು ಕೇಳಿದ್ರಾ, ನಿಮ್ಮನ್ನ ಸೇರಿಸ್ಕೊಳ್ತಾರಾ ಅಂತ?"

ನಗೆ ಎದ್ದಿತು. ಆರ್ಡಿಸ್ ಸುತ್ತಿಗೆ ಬಡಿದಳು. "ಪೀಠದ ಕಡೆ ನೋಡಿ ಮಾತಾಡಿ, ಕಿಂಬಾಲ್ ಅವರೇ."

"ಪೀಠಕ್ಕೇ ಹೇಳ್ತೀನಿ. ಲೋಕದ ಯಾವ ಮೂಲೆ ಅಂಗಡೀಲಾದ್ರೂ ನಮ್ಮ ಡಾಲರ್ ತೋರ್ಸಿದ್ರೆ ಕಣ್ಣರಳಿಸ್ತಾರೆ. ಬೈಯ್ಯೋರೂ ಮಕ್ಕಳನ್ನ ಓದೋಕೆ ಕಳ್ಸೋದು ಇಲ್ಲಿಗೇ. ಬಲ ಇದ್ದೋನನ್ನ ಬೈತಾರೆ, ಬಡವನನ್ನ ಯಾರು ಬೈತಾರೆ?"

"ಬಲ ಇದ್ರೆ ನಿನ್ನ ಹಾಲಿನ ರೇಟ್ ಯಾಕೆ ಏರಲ್ಲ, ಹಾಯ್ಟ್?" ಹಿಂದಿನ ಸಾಲಿನಲ್ಲಿ ಹೆಣೆಯುತ್ತಿದ್ದ ಹೆಂಗಸೊಬ್ಬಳು ಕೂಗಿದಳು. "ಗಿರಣಿ ಮುಚ್ಚಿ ಎಷ್ಟು ಕಾಲ ಆಯ್ತು? ಆ ಡಾಲರ್ ನಮ್ಮೂರ ದಾರಿ ಮರೆತುಬಿಟ್ಟಿದೆ."

"ಹೆಸರು, ರಸ್ತೆ!" ಎಂದಳು ಆರ್ಡಿಸ್.

ವಾದ ಬೆಂಚಿನಿಂದ ಬೆಂಚಿಗೆ ಹಾರುತ್ತಿತ್ತು. ಬಗೆಬಗೆಯ ಜನ ಸೇರಿದ್ದೇ ದೇಶದ ಶಕ್ತಿಯೆಂದು ಒಬ್ಬರು. ಸೇರಿದವರು ಒಂದಾಗದಿದ್ದರೆ ಸಂತೆಯೇ ಹೊರತು ಮನೆಯಲ್ಲವೆಂದು ಇನ್ನೊಬ್ಬರು. ಪೀಠದ ಮೇಲೆ ಕುಳಿತ ಆರ್ಡಿಸಳೊಳಗೆ ಬೆಳಿಗ್ಗೆ ಕಟ್ಟಿದ ಭಾಷಣ ಬೋನಿನ ಬೆಕ್ಕಿನಂತೆ ಪರಚುತ್ತಿತ್ತು. ಈಗ ಇಳಿಯಲೇ? ಇನ್ನೊಬ್ಬರು ಮುಗಿಸಲಿ. ಈಗ?

ಆಗಲೇ ನಡುವಿನ ಬೆಂಚಿನಿಂದ ಎಗ್ಬರ್ಟ್ ಪಿನ್ನಾಕ್ ಕೈಯೆತ್ತಿದ.

ಎಗ್ಬರ್ಟ್ ಜಮೈಕಾದವನು. ಪ್ರತಿ ಶರತ್ಕಾಲ ಸೇಬು ಕೀಳಲು ಬರುತ್ತಿದ್ದ ಆಳುಗಳೊಡನೆ ಬಂದವನು, ಶಾಲೆಯ ಬಸ್ಸು ಓಡಿಸುವ ಡಾರ್ಲೀನಳನ್ನು ಮದುವೆಯಾಗಿ ಇಲ್ಲಿಯೇ ನಿಂತ. ಚಳಿಗಾಲದಲ್ಲಿ ಊರ ರಸ್ತೆಗಳ ಹಿಮ ತಳ್ಳಿ ಮರಳು ಹಾಕುವ ಲಾರಿಯೂ ಅವನದೇ. ಮತದಾರನಲ್ಲದವನು ಮಾತನಾಡಬೇಕಾದರೆ ಸಭೆ ಒಪ್ಪಬೇಕು. ಅದರಂತೆ ವರ್ಷ ವರ್ಷವೂ ರಸ್ತೆಯ ವಿಷಯ ಬಂದಾಗ ಎಗ್ಬರ್ಟ್ ಕೈಯೆತ್ತುವನು, ಆರ್ಡಿಸ್ ಅಪ್ಪಣೆ ಕೇಳುವಳು, ಊರು ಸೂರು ಹಾರುವಂತೆ "ಹೌದು" ಎನ್ನುವುದು. ವರ್ಷದ ಅತಿ ಜೋರಾದ "ಹೌದು" ಅದೇ. ಅದನ್ನು ಕೂಗಿ ಜನ ತಮ್ಮ ಬಗ್ಗೆ ತಾವೇ ಸಂತೋಷಪಟ್ಟು ಬೆಂಚಿಗೊರಗುತ್ತಿದ್ದರು.

ಈ ಚಳಿಗಾಲದ ಆರಂಭದಲ್ಲಿ ಎಗ್ಬರ್ಟ್ ಪ್ರಮಾಣವಚನ ಸ್ವೀಕರಿಸಿ ಈ ದೇಶದ ಪ್ರಜೆಯಾಗಿದ್ದ. ಚರ್ಚಿನಲ್ಲಿ ಕೇಕು ಕತ್ತರಿಸಿದಾಗ ಆರ್ಡಿಸಳೂ ತಿಂದು ಬಂದಿದ್ದಳು. ಆದರೂ ಅವನ ಮುಖ ಕಂಡೊಡನೆ ಅವಳ ನಾಲಗೆ, ಗಾಣದ ಎತ್ತಿನಂತೆ, ಸವೆದ ಜಾಡನ್ನೇ ಹಿಡಿಯಿತು.

"ಮತದಾರರಲ್ಲದ ಶ್ರೀ ಪಿನ್ನಾಕ್ ಅವರಿಗೆ ಮಾತಾಡಲು ಸಭೆ ಅಪ್ಪಣೆ ಕೊಡುತ್ತದೆಯೇ? ಒಪ್ಪುವವರು ಹೌದು ಅನ್ನಿ."

"ಹೌದು!" ಗೋಡೆಯ ಗಡಿಯಾರ ಅದುರಿತು.

ಎಗ್ಬರ್ಟ್ ಎದ್ದ. ಎತ್ತಿದ ಕೈಯನ್ನು ಇಳಿಸಿರಲಿಲ್ಲ. ಅದರಲ್ಲಿ ಹಳದಿ ಚೀಟಿ ಇತ್ತು. ಮೊದಲಿನಿಂದಲೂ ಇತ್ತು. ನಗುತ್ತಿದ್ದ ಬೆಂಚುಗಳು ಒಂದೊಂದಾಗಿ ಅದನ್ನು ಕಂಡು ಮೌನವಾದವು.

"ಅಧ್ಯಕ್ಷರೇ," ಎಂದ ಅವನು, ಮೆಲ್ಲಗೆ. "ಆ ಅಪ್ಪಣೆ ವಾಪಸ್ ತಗೊಳ್ಳಿ. ಆಮೇಲೆ ಮಾತಾಡ್ತೀನಿ."

ಪುಸ್ತಕದ ನಿಯಮ ಆರ್ಡಿಸಳ ಬಾಯಿಗೆ ತಾನಾಗಿ ಬಂತು. "ಈಗ ತೆಗೆದುಕೊಂಡ ಮತ ಅಸಿಂಧು. ತಪ್ಪು ಪೀಠದ್ದು."

"ಪೀಠದ್ದಾ, ನಿಮ್ದಾ?"

ನೊರೀನ್ ಬರೆಯುವುದನ್ನು ನಿಲ್ಲಿಸಿದಳು. ಆರ್ಡಿಸ್ ಸುತ್ತಿಗೆಯನ್ನು ಮೇಜಿನ ಮೇಲಿಟ್ಟಳು.

"ನನ್ನದು," ಎಂದಳು.

"ಅವಳೊಬ್ಬಳದೇ ಅಲ್ಲಪ್ಪಾ," ಹಾಯ್ಟ್ ಕುಳಿತಲ್ಲಿಂದಲೇ ಗೊಣಗಿದ. "ಎಲ್ರಿಗಿಂತ ಜೋರಾಗಿ ಕಿರಿಚಿದ್ದು ನಾನು."

ಎಗ್ಬರ್ಟ್ ಎತ್ತಿದ್ದ ಕೈಯನ್ನು ಇಳಿಸಿದ. "ಎಗ್ಬರ್ಟ್ ಪಿನ್ನಾಕ್, ಹಳೇ ಗಣಿ ರಸ್ತೆ. ಮಾರ್ಗಟ್ ಅವರ ಠರಾವಿನ ಕೊನೇ ಸಾಲು ತೆಗೀಬೇಕು ಅಂತ ತಿದ್ದುಪಡಿ ಕೊಡ್ತಿದ್ದೀನಿ. ಊಟ ಚೆನ್ನಾಗಿತ್ತು ಅಂತ ಉಂಡೋರು ಹೇಳ್ಬೇಕು. ಬಡಿಸಿದೋರೇ ಹೇಳ್ಕೊಂಡ್ರೆ ಅದೇನು ಚೆಂದ?" ಅಷ್ಟು ಹೇಳಿ ಕುಳಿತ.

ಹಾಯ್ಟ್ ಅನುಮೋದಿಸಿದ. ಮಾರ್ಗಟ್ ಬಿಳಿಚಿಕೊಂಡು ಎದ್ದಳು: "ಆ ಸಾಲು ಹೋದ್ರೆ ಠರಾವಲ್ಲಿ ಏನು ಉಳಿಯುತ್ತೆ? ಬರೀ ದೂರು!" ಅಷ್ಟರಲ್ಲಿ ಅಡುಗೆಮನೆಯಿಂದ ಊಟದ ಗಂಟೆ ಮೊಳಗಿತು. ಆರ್ಡಿಸ್ ಸಭೆಯನ್ನು ಊಟದ ನಂತರಕ್ಕೆ ಮುಂದೂಡಿದಳು. ಸುತ್ತಿಗೆ ಬಡಿದದ್ದು ಅವಳಿಗೇ ಕೇಳಿಸಲಿಲ್ಲ.

ಊಟದ ಸಾಲಿನಲ್ಲಿ ಅವಳು ತಟ್ಟೆ ಹಿಡಿದು ನಿಲ್ಲಲಾರದೆ ಅಡುಗೆಮನೆಗೆ ಹೋಗಿ, ಯಾರೂ ಹೇಳದಿದ್ದರೂ ಪಾತ್ರೆ ತಿಕ್ಕತೊಡಗಿದಳು. ಎಗ್ಬರ್ಟ್ ಕಾಫಿಗೆಂದು ಒಳಗೆ ಬಂದ. ಇಬ್ಬರೇ.

"ಎಗ್ಬರ್ಟ್, ನಂಗೆ ಗೊತ್ತಿತ್ತು. ಕೇಕು ತಿಂದಿದ್ದೆ ನಾನು."

"ಎರಡು ತುಂಡು ತಿಂದೆ ನೀನು. ನೋಡಿದ್ದೆ."

ಅವಳು ನಗಲು ಹೋಗಿ ನಗದಾದಳು. "ಊಟ ಆದ್ಮೇಲೆ ಸುತ್ತಿಗೆ ನಿನ್ನ ಕೈಗೆ ಕೊಡ್ಲಾ? ನಾನು ಇಳಿದು ಮಾತಾಡೋದಿದೆ. ನೀನು ಪೀಠದ ಮೇಲೆ ಕೂತ್ರೆ ಎಲ್ಲರೂ ನೋಡ್ತಾರೆ."

"ನೋಡ್ತಾರೆ. ನೋಡಿ ಮತ್ತೆ ಖುಷಿಪಡ್ತಾರೆ." ಎಗ್ಬರ್ಟ್ ಕಪ್ಪನ್ನು ಕೆಳಗಿಟ್ಟ. "ಇನ್ನೊಂದು ದಾನ ಬೇಡ ಆರ್ಡಿಸ್. ಇಷ್ಟು ವರ್ಷ ನಾನು ಎದ್ದ ಕೂಡ್ಲೇ ಮೊದಲು ಏನು ಹೇಳ್ತಿದ್ದೆ, ನೆನಪಿದ್ಯಾ? 'ಸಭೆಯಿಂದ ಉಪಕಾರ ಆಯ್ತು' ಅಂತ. ಈ ವರ್ಷ ಬರೀ ಹೆಸರು, ರಸ್ತೆ ಹೇಳಿ ಶುರುಮಾಡ್ಬೇಕು ಅಂತ ಆಸೆಯಿತ್ತು. ಲಾರಿ ಓಡಿಸ್ತಾ ಅದನ್ನೇ ಹೇಳಿ ಹೇಳಿ ನೋಡ್ಕೊಂಡಿದ್ದೆ, ಹುಚ್ಚನ ಥರ."

"ಹೇಳಿದ್ಯಲ್ಲ, ಆಮೇಲೆ."

"ಹೇಳ್ದೆ. ಆರಿದ ಕಾಫಿ ಕುಡಿದ ಹಾಗಿತ್ತು."

ಅವನು ಹೋದ ಮೇಲೂ ಆರ್ಡಿಸ್ ಅದೇ ತಟ್ಟೆಯನ್ನು ಒರೆಸುತ್ತ ನಿಂತಳು. ಅವಳೂ ತಾನು ಕಟ್ಟಿದ ಮಾತನ್ನು ಬಾಣಲೆಯ ಮುಂದೆ ಹೇಳಿ ಹೇಳಿ ನೋಡಿಕೊಂಡಿದ್ದಳು. ಈಗ ಆ ಭಾಷಣವನ್ನು ಆಡಿದರೆ ಊರು ಚಪ್ಪಾಳೆ ತಟ್ಟುತ್ತದೆ. ತನ್ನ ತಪ್ಪನ್ನೂ ಅದರಲ್ಲೇ ತೊಳೆದುಬಿಡುತ್ತದೆ. ಆಡದಿದ್ದರೆ ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಕುಳಿತದ್ದು ಯಾತಕ್ಕೆ?

ಊಟವಾಗಿ ಸಭೆ ಸೇರಿದಾಗ ಆರ್ಡಿಸ್ ಸುತ್ತಿಗೆಯನ್ನು ನೊರೀನಳಿಗೆ ಒಪ್ಪಿಸಿ ಕೆಳಗಿಳಿದಳು. ಹೆಣಿಗೆಯ ಕಡ್ಡಿಗಳು ನಿಂತವು. ಅವಳು ಮೊದಲ ಬೆಂಚಿನಿಂದ ಎದ್ದು ಬಾಯಿ ತೆರೆದಳು.

"ಈ ಭವನದಲ್ಲಿ ನನ್ನಪ್ಪ..."

"ಹೆಸರು, ರಸ್ತೆ," ಎಂದಳು ನೊರೀನ್, ಹೆದರುತ್ತಲೇ.

ಆರ್ಡಿಸಳ ಕೆನ್ನೆ ಕೆಂಪಾಯಿತು. "ಆರ್ಡಿಸ್ ಲಾಫ್ಲಾಮ್, ಗಿರಣಿ ರಸ್ತೆ," ಎಂದಳು. ಆ ಎರಡು ಮಾತು ಬಾಯಿಂದ ಹೊರಬಿದ್ದಾಗ, ಅವುಗಳಿಗೆ ಮೊದಲು ಒಂದು "ಉಪಕಾರ"ವನ್ನೂ ಸೇರಿಸದೆ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ತಿಳಿಯಿತು. ಕಟ್ಟಿದ್ದ ಭಾಷಣ ಎಲ್ಲೋ ಜಾರಿಹೋಯಿತು.

"ಈ ಭವನದಲ್ಲಿ ನನ್ನಪ್ಪನಿಗೆ ಮಾತಾಡೋಕೆ ಬಿಡ್ಲಿಲ್ಲ. ಎಗ್ಬರ್ಟ್ ಪಿನ್ನಾಕ್‌ಗೆ ಬಿಟ್ಟರು, ವರ್ಷಾ ವರ್ಷಾ, ಕೂಗಿ ಕೂಗಿ ಬಿಟ್ಟರು. ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಬಂದಿದ್ದೀವಿ ಅಂತ ಹೇಳೋಕೆ ನಾನು ಬಂದಿದ್ದೆ. ದೂರಾನೇ ಬಂದಿದ್ದೀವಿ. ಅದನ್ನ ಅಲ್ಲಗಳೆಯಲ್ಲ. ಆದ್ರೆ ಬಿಡದೇ ಇದ್ದೋರೂ ಬಿಟ್ಟೋರೂ ಕೂತಿದ್ದ ಬೆಂಚು ಒಂದೇ, ಬಿಡೋ ಹಕ್ಕು ನಮ್ಮದು ಅನ್ನೋ ಬೆಂಚು. ಈ ಬೆಳಿಗ್ಗೆ ನಾನೂ ಅದೇ ಬೆಂಚಲ್ಲಿದ್ದೆ, ಪೀಠದ ಮೇಲಿದ್ರೂ. ಆ ಸಾಲು ತೆಗೀಬೇಕು."

ಕುಳಿತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ, ಅಥವಾ ಬೇಕಿತ್ತೇನೋ. ಮಡಿಲಲ್ಲಿ ಅವಳ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.

ನೊರೀನ್ ಮತ ಕೇಳಿದಳು. "ಹೌದು" ಬಂತು, ಜೋರಾಗಿಯಲ್ಲ, ಯೋಚಿಸಿ ಎತ್ತಿದ ಭಾರದಂತೆ. "ಇಲ್ಲ" ಅದಕ್ಕಿಂತ ಕೊಂಚ ಕಡಿಮೆ. ಸಾಲು ಹೋಯಿತು. ದೇಶದ ಹೆಸರು ಮಾಸಿದೆಯೋ ಇಲ್ಲವೋ ಎಂಬ ಉಳಿದ ಭಾಗದ ಮೇಲೆ ವಾದ ಮತ್ತೆ ಹೊತ್ತಿಕೊಂಡು ಉರಿಯಿತು. ಹಾಯ್ಟ್ ಡಾಲರಿನ ಬಲ ಬಿಡಲಿಲ್ಲ, ಮಾರ್ಗಟ್ ಲಿಸ್ಬನ್ ಬಿಡಲಿಲ್ಲ. ಕೊನೆಗೆ ಬೇಸತ್ತ ಊರು ಠರಾವನ್ನು ಮುಂದಿನ ಮಾರ್ಚಿಗೆ ಎತ್ತಿಟ್ಟಿತು.

ಆರ್ಡಿಸ್ ಪೀಠಕ್ಕೆ ಮರಳಿದಳು. ಸುತ್ತಿಗೆಯ ಹಿಡಿ ನೊರೀನಳ ಕೈಯಿಂದ ಬೆಚ್ಚಗಾಗಿತ್ತು.

"ಮುಂದಿನ ವಿಷಯ. ಚಳಿಗಾಲದ ರಸ್ತೆಗಳಿಗೆ ಮರಳು."

ನಡುವಿನ ಬೆಂಚಿನಿಂದ ಹಳದಿ ಚೀಟಿ ಮೇಲೆದ್ದಿತು. ವರ್ಷ ವರ್ಷವೂ ಆ ದೊಡ್ಡ "ಹೌದು" ಕೂಗಿಸುತ್ತಿದ್ದ ವಿಷಯ ಇದೇ. ಎಲ್ಲರ ಕಣ್ಣು ಅವಳ ಬಾಯಿಯ ಮೇಲಿತ್ತು. ಹಳೆಯ ಮಾತು ತುದಿನಾಲಗೆಗೆ ಬಂದು ತಟ್ಟಿದ್ದು ಅವಳಿಗೊಬ್ಬಳಿಗೇ ಗೊತ್ತು. ಅದನ್ನು ಹಲ್ಲಿನಿಂದ ತಡೆದಳು.

"ಹೆಸರು, ರಸ್ತೆ," ಎಂದಳು, ಬೇರೆ ಯಾರಿಗಾದರೂ ಹೇಳುವಷ್ಟೇ ಒರಟಾಗಿ.

ಅವನು ಅವಸರಪಡದೆ ಎದ್ದು ನಿಂತ. ಇಡೀ ಊರು ಬಲ್ಲ ಹೆಸರನ್ನು, ತಾನೇ ಹಿಮ ತಳ್ಳಿ ತೆರವು ಮಾಡುವ ರಸ್ತೆಯನ್ನು, ಅಕ್ಷರ ಬಿಡದೆ ಹೇಳಿದ.

"ಎಗ್ಬರ್ಟ್ ಪಿನ್ನಾಕ್, ಹಳೇ ಗಣಿ ರಸ್ತೆ. ಹೋದ ವರ್ಷ ನೀವು ತರಿಸಿದ್ದು ಮರಳಲ್ಲ, ಬರೀ ಕೆಸರು. ಈ ಸಲ ಅದೇ ತರಿಸಿದ್ರೆ ಬೆಟ್ಟದ ರಸ್ತೆಯವರು ಮನೇಲೇ ಕೂರ್ಬೇಕಾಗುತ್ತೆ."

"ಯಾರ ಮರಳನ್ನ ಕೆಸರು ಅಂತಿದ್ದೀಯಾ?" ಬೆಟ್ಟದ ರಸ್ತೆಯ ಹಾಯ್ಟ್ ಗುಡುಗಿದ. ಆ ಮರಳು ಅವನ ಹೊಲದ್ದೇ.

ಆರ್ಡಿಸ್ ಸುತ್ತಿಗೆ ಎತ್ತಿದಳು.