ಹಲೀಮಾ ಅಜ್ಜಿ ಕಲಿಸಿದ ಭಾಷೆ

ಎಳ್ಳೆಣ್ಣೆಯಲ್ಲಿ ಕಾಫಿಬೀಜ ಹುರಿಯುವ ವಾಸನೆ ಮೊನ್ನೆ ಲಂಡನ್ನಿನ ವೆಂಬ್ಲಿಯ ಯಾವುದೋ ಕಿಟಕಿಯಿಂದ ಬಂತು, ನಡೆಯುತ್ತಿದ್ದವಳು ನಿಂತುಬಿಟ್ಟೆ. ತೊಂಬತ್ತರ ದಶಕದಲ್ಲಿ ಕೊಲಿಂಡೇಲಿನ ನಮ್ಮ ಪಕ್ಕದ ಫ್ಲ್ಯಾಟಿನ ಹಲೀಮಾ ಅಜ್ಜಿ ಹಾಗೆ ಹುರಿದ ಬೀಜಗಳನ್ನು ಬಿಸಿಬಿಸಿಯಾಗಿ ನನ್ನ ಅಂಗೈಗೆ ಹಾಕುತ್ತಿದ್ದಳು. ಧಾರವಾಡದಿಂದ ಬಂದಿದ್ದ ನನ್ನ ಅಪ್ಪ, ಅವ್ವ ಇಬ್ಬರೂ ಡಾಕ್ಟರರು. ಶಾಲೆ ಬಿಟ್ಟ ಮೇಲೆ ನಾನು ಅಜ್ಜಿಯ ಮನೆಯಲ್ಲೇ ಇರುತ್ತಿದ್ದೆ. ಅವಳು ಸೋಮಾಲಿಯಾದ ಬರಾವಾ ಎಂಬ ಕಡಲೂರಿನಿಂದ ಯುದ್ಧಕ್ಕೆ ಹೆದರಿ ಬಂದವಳು. ಅವಳ ಭಾಷೆ ಚಿಮ್ವೀನಿ, ಸ್ವಾಹಿಲಿಗೆ ಹತ್ತಿರದ್ದು, ಆ ಒಂದೇ ಊರಿನದು. ಅದರಲ್ಲೂ ತಮ್ಮ ಓಣಿಯ ಮಾತು ಮೆತ್ತಗೆ, ಆಚೆ ಓಣಿಯವರದು ಒರಟು ಎಂದು ಅವಳ ವಾದ. "ಧಾರವಾಡ, ಮೈಸೂರಿನ ಜಗಳಾನ ಇದು" ಎಂದು ಅವ್ವ ನಗುತ್ತಿದ್ದಳು. ಎರಡು ವರ್ಷದಲ್ಲಿ ಅಜ್ಜಿಯೊಂದಿಗೆ ಹಟ ಮಾಡುವಷ್ಟು ಚಿಮ್ವೀನಿ ನನಗೆ ಬಂತು.

ನನಗೆ ಹತ್ತು ವರ್ಷವಾದಾಗ ಅಜ್ಜಿಯ ಮೊಮ್ಮಗಳು ಹಾವಾ ಕೀನ್ಯಾದ ನಿರಾಶ್ರಿತರ ಶಿಬಿರದಿಂದ ಬಂದು ನನ್ನ ತರಗತಿಗೇ ಸೇರಿದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ; ಮಕ್ಕಳೆಲ್ಲ ಅವಳ ಮಾತನ್ನು ಅಣಕಿಸುತ್ತಿದ್ದರು. ಒಂದು ಬೆಳಿಗ್ಗೆ ಅವಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. "ನಿಮ್ಮ ಪಕ್ಕದ ಮನೆಯವಳಲ್ವಾ? ಏನು ಹೇಳ್ತಿದ್ದಾಳೆ?" ಎಂದು ಟೀಚರ್ ನನ್ನನ್ನು ಕೇಳಿದರು. ಬಲಗಡೆ ಚುಚ್ಚುತ್ತಿದೆ, ನಿನ್ನೆಯಿಂದ ಚುಚ್ಚುತ್ತಿದೆ, ಅಜ್ಜಿಯನ್ನು ಕರೆಸು ಎನ್ನುತ್ತಿದ್ದಳು. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. "ಗೊತ್ತಿಲ್ಲ, ಮಿಸ್" ಎಂದೆ. ಮನೆ ನೆನಪಾಗಿ ಅಳುತ್ತಿದ್ದಾಳೆ ಎಂದುಕೊಂಡು ಅವಳನ್ನು ಶಾಲೆ ಬಿಡುವವರೆಗೂ ಹಾಗೇ ಕೂರಿಸಿದರು. ಆ ಸಂಜೆ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. "ಮುಂಜಾನೆನ ಗೊತ್ತಾಗಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ" ಎಂದು ಅಪ್ಪ ಊಟದ ಹೊತ್ತಿನಲ್ಲಿ ಅಂದಾಗ ನಾನು ತಟ್ಟೆ ಎತ್ತಿಕೊಂಡು ಎದ್ದೆ. ಹಾವಾ ಬದುಕಿ ಮನೆಗೆ ಬರಲು ತಿಂಗಳು ಹಿಡಿಯಿತು. "ಅವತ್ತು ಅವಳ ಮಾತು ನಿನ್ನ ಕಿವಿಗೆ ಬೀಳಲಿಲ್ಲವೇನೇ?" ಎಂದು ಅಜ್ಜಿ ನನ್ನನ್ನೇ ಕೇಳಿದಳು. ನಾನು ತಲೆ ತಗ್ಗಿಸಿದೆ. ದುಃಖಕ್ಕೆಂದು ತಿಳಿದು ಅವಳು ನನ್ನ ಬೆನ್ನು ಸವರಿದಳು. ಆ ಕೈಯನ್ನು ತಡೆದುಕೊಳ್ಳಲಾರದೆ ಅವಳ ಮನೆಗೆ ಹೋಗುವುದನ್ನೇ ಬಿಟ್ಟೆ. ಹೋಮ್‌ವರ್ಕ್ ಇದೆ ಎನ್ನುತ್ತಿದ್ದೆ. ಮುಂದೆ ನಾವು ಕೆಂಟನ್‌ಗೆ ಮನೆ ಬದಲಿಸಿದೆವು.

ಹದಿನೈದು ವರ್ಷಗಳ ನಂತರ ಅಜ್ಜಿ ತೀರಿಕೊಂಡ ಸುದ್ದಿ ತಿಳಿದು ಹೋದೆ. ಹಾವಾಳ ಪುಟ್ಟ ಮಗ ಇಂಗ್ಲಿಷಿನಲ್ಲಿ ಏನೋ ಹಟ ಮಾಡುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವಳು ಚಿಮ್ವೀನಿಯಲ್ಲಿ ಮೆಲ್ಲಗೆ ಅಂದಳು: "ಅವತ್ತು ನಿನಗೆ ಅರ್ಥವಾಗಿತ್ತು ಅಂತ ನನಗೆ ಗೊತ್ತು. ಅಜ್ಜಿಗೆ ಹೇಳಲಿಲ್ಲ. ಊರನ್ನು ಕಳೆದುಕೊಂಡಿದ್ದಳು, ಹೇಳಿದ್ದರೆ ಮನಸ್ಸಿನಲ್ಲಿ ನಿನ್ನನ್ನೂ ಕಳೆದುಕೊಳ್ಳುತ್ತಿದ್ದಳು."

ಕ್ಷಮಿಸು ಎನ್ನಲು ಆ ಭಾಷೆಯ ಶಬ್ದ ಹುಡುಕಿದೆ. ಸಿಗಲಿಲ್ಲ. ಇಂಗ್ಲಿಷಿನಲ್ಲೇ ಹೇಳಿದೆ.